ಹಲವು ಸಂಸ್ಥೆ, ಒಂದೇ ದಾಖಲೆ: ಯಾರಿಗೆ ಎಷ್ಟು ಕಾಣಬೇಕೆಂಬುದನ್ನು ನಿಯಮವಾಗಿ ಬರೆಯುವ ಬಗೆ

ಸಣ್ಣ ಆಸ್ಪತ್ರೆಗಳವರು, ಸ್ವಯಂಸೇವಾ ಸಂಸ್ಥೆಗಳವರು ಮತ್ತು ಅವರಿಗೆ ತಂತ್ರಾಂಶ ಬರೆದುಕೊಡುವವರು ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಮೂರ್ನಾಲ್ಕು ಸಂಸ್ಥೆಗಳು ಸೇರಿ ಒಂದು ಕೆಲಸವನ್ನು ಕೈಗೊಂಡಿವೆ. ಒಬ್ಬರಲ್ಲಿರುವ ಮಾಹಿತಿ ಇನ್ನೊಬ್ಬರಿಗೆ ಬೇಕು. ಎಲ್ಲವನ್ನೂ ಎಲ್ಲರಿಗೂ ಕೊಡುವಂತಿಲ್ಲ, ಏನನ್ನೂ ಕೊಡದಿದ್ದರೆ ಕೆಲಸವೇ ಸಾಗುವುದಿಲ್ಲ. ಸದ್ಯಕ್ಕೆ ಬಹುಪಾಲು ಕಡೆ ನಡೆಯುತ್ತಿರುವುದೆಂದರೆ ಎಕ್ಸೆಲ್ ಹಾಳೆಯೊಂದು ವಾಟ್ಸಾಪ್ ಗುಂಪಿಗೆ ಬೀಳುವುದು, ಇಲ್ಲವೇ ಎಲ್ಲರೂ ಒಂದೇ ಲಾಗಿನ್ ಮತ್ತು ಒಂದೇ ಪಾಸ್‌ವರ್ಡ್ ಬಳಸುವುದು. ಇವೆರಡನ್ನೂ ಬಿಟ್ಟು ಪ್ರವೇಶ ನಿಯಮಗಳ ಆಧಾರದ ಮೇಲೆ ಮಾಹಿತಿಯನ್ನು ಹಂಚಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ವಿವರಣೆಗೆ ಒಂದು ಕಲ್ಪಿತ ಉದಾಹರಣೆಯನ್ನು ಇಟ್ಟುಕೊಳ್ಳೋಣ. ಒಂದು ತಾಲ್ಲೂಕಿನಲ್ಲಿ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇರುವವರ ಚಿಕಿತ್ಸೆ ನಡುವೆ ನಿಂತುಹೋಗದಂತೆ ನೋಡಿಕೊಳ್ಳುವ ಯೋಜನೆಯಿದೆ. ಧರ್ಮಾರ್ಥ ಆಸ್ಪತ್ರೆ ಚಿಕಿತ್ಸೆ ಕೊಡುತ್ತದೆ, ಖಾಸಗಿ ಪ್ರಯೋಗಾಲಯ ರಕ್ತಪರೀಕ್ಷೆ ಮಾಡುತ್ತದೆ, ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತೆಯರು ಮನೆಮನೆಗೆ ಹೋಗುತ್ತಾರೆ, ವಿಶ್ವವಿದ್ಯಾಲಯದ ವಿಭಾಗವೊಂದು ಇದನ್ನು ಅಧ್ಯಯನ ಮಾಡುತ್ತದೆ. ನಿಮ್ಮ ಕ್ಷೇತ್ರ ಬೇರೆಯಾದರೂ ಹಂತಗಳು ಇವೇ.

ಮೊದಲು ಬೇಕಾಗುವುದು

ಪ್ರತಿ ಸಂಸ್ಥೆಯಿಂದ ನಿರ್ಧಾರ ತೆಗೆದುಕೊಳ್ಳುವ ಅಧಿಕಾರವಿರುವ ಒಬ್ಬರು, ದತ್ತಸಂಚಯವನ್ನು, ಅಂದರೆ ಡೇಟಾಬೇಸನ್ನು ಬಲ್ಲ ಒಬ್ಬರು, ಹಾಗೂ ದಿನವೂ ಆ ದಾಖಲೆಗಳೊಡನೆ ಕೆಲಸ ಮಾಡುವ ಕನಿಷ್ಠ ಇಬ್ಬರು ಒಂದೆಡೆ ಕೂರಬೇಕು. ಕೊನೆಯವರನ್ನು ಕರೆಯಲು ಮರೆಯುವುದೇ ಹೆಚ್ಚು. ಅವರಿಲ್ಲದೆ ಬರೆದ ನಿಯಮವನ್ನು ಅವರು ಮೊದಲ ವಾರವೇ ಪಾಸ್‌ವರ್ಡ್ ಹಂಚಿಕೊಂಡು ದಾಟುತ್ತಾರೆ. ದುಬಾರಿ ತಂತ್ರಾಂಶವೇನೂ ಬೇಕಿಲ್ಲ.

ಹಂತ 1: ಯಾವ ಮಾಹಿತಿ ಯಾರದು ಎಂದು ಪಟ್ಟಿ ಮಾಡಿ

‘ರೋಗಿಯ ದಾಖಲೆ’ ಎಂದು ಒಂದೇ ಮಾತಿನಲ್ಲಿ ಮುಗಿಸದೆ ಕಾಲಮ್ ಕಾಲಮ್ಮಾಗಿ ಬರೆಯಿರಿ: ಹೆಸರು, ಗ್ರಾಮ, ದೂರವಾಣಿ, ವಯಸ್ಸು, ರೋಗನಿರ್ಣಯ, ಮಾತ್ರೆ, ಪರೀಕ್ಷಾ ಫಲಿತಾಂಶ, ವೈದ್ಯರ ಟಿಪ್ಪಣಿ. ಪ್ರತಿಯೊಂದರ ಮುಂದೆ ಅದನ್ನು ಮೊದಲು ದಾಖಲಿಸುವವರು ಯಾರು, ತಪ್ಪಿದ್ದರೆ ತಿದ್ದುವ ಹೊಣೆ ಯಾರದು, ಅದು ಯಾರಿಗೆ ಏಕೆ ಬೇಕು ಎಂದು ನಮೂದಿಸಿ. ‘ಏಕೆ’ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಕಾಲಮ್ಮನ್ನು ಹಂಚಿಕೆಯಿಂದ ಆಗಲೇ ಹೊಡೆದುಹಾಕಿ. ‘ಮುಂದೆ ಯಾವಾಗಲಾದರೂ ಬೇಕಾಗಬಹುದು’ ಎಂಬುದನ್ನು ಉತ್ತರವೆಂದು ಒಪ್ಪಿಕೊಳ್ಳಬೇಡಿ.

ಇಲ್ಲಿ ಎಡವುವ ಜಾಗವೆಂದರೆ ವೈದ್ಯರ ಟಿಪ್ಪಣಿಯಂತಹ ಬಿಡಿಬರಹದ ಕಾಲಮ್. ಬೇರೆಲ್ಲ ಕಡೆ ಮುಚ್ಚಿಟ್ಟ ಸಂಗತಿ ಅಲ್ಲಿ ಒಂದು ವಾಕ್ಯವಾಗಿ ಕುಳಿತಿರುತ್ತದೆ. ಅದನ್ನು ಬರೆದ ಸಂಸ್ಥೆಯಿಂದ ಹೊರಗೆ ಬಿಡದಿರುವುದೇ ಕ್ಷೇಮ.

ಹಂತ 2: ಒಬ್ಬ ವ್ಯಕ್ತಿಗೆ ಒಂದು ಗುರುತು ಸಂಖ್ಯೆ ಕೊಡಿ, ಆದರೆ ಆಧಾರ್ ಬೇಡ

ಮೂರು ಕಡೆಯ ದಾಖಲೆ ಒಬ್ಬರದೇ ಎಂದು ತಿಳಿಯಲು ಸಮಾನವಾದ ಗುರುತು ಬೇಕು. ಹೆಸರು ಈ ಕೆಲಸಕ್ಕೆ ಬಾರದು; ಒಂದೇ ಊರಿನಲ್ಲಿ ನಾಲ್ವರು ಲಕ್ಷ್ಮಮ್ಮನವರಿರುತ್ತಾರೆ, ಒಬ್ಬರ ಹೆಸರನ್ನೇ ನಾಲ್ಕು ಬಗೆಯಲ್ಲಿ ಬರೆದಿರುತ್ತಾರೆ. ಹೆಸರನ್ನು ನಂಬಿ ದಾಖಲೆಗಳನ್ನು ಜೋಡಿಸಿದರೆ ನಿಯಮಗಳೆಲ್ಲ ಸರಿಯಾಗಿದ್ದೂ ಒಬ್ಬರ ಫಲಿತಾಂಶ ಇನ್ನೊಬ್ಬರ ಮನೆಗೆ ಹೋಗುತ್ತದೆ. ಆಧಾರ್ ಸಂಖ್ಯೆಯನ್ನು ಬಳಸಿದರೆ ಬೇರೆ ಬೇರೆ ಕಡೆಯ ದಾಖಲೆಗಳನ್ನು ಯಾರು ಬೇಕಾದರೂ ಜೋಡಿಸಬಹುದು. ಯೋಜನೆಗೆಂದೇ ಹೊಸ ಸಂಖ್ಯೆಯನ್ನು ಕೊಟ್ಟು, ಅದು ಯಾರದೆಂದು ತಿಳಿಸುವ ಪಟ್ಟಿಯನ್ನು ಒಂದೇ ಸಂಸ್ಥೆಯಲ್ಲಿಡಿ.

‘ಆಧಾರನ್ನು ಹ್ಯಾಶ್ ಮಾಡಿ ಬಳಸುತ್ತೇವೆ’ ಎಂದು ಹಲವರು ಹೇಳುತ್ತಾರೆ. ಹ್ಯಾಶ್ ಎಂದರೆ ಒಂದು ಸಂಖ್ಯೆಯನ್ನು ಹಿಂದಕ್ಕೆ ತಿರುಗಿಸಲಾಗದಂತೆ ಬೇರೊಂದು ಅಕ್ಷರಮಾಲೆಯಾಗಿ ಬದಲಿಸುವ ಲೆಕ್ಕ. ಹಿಂದಕ್ಕೆ ತಿರುಗಿಸಲಾಗದು ಎಂಬುದು ನಿಜವಾದರೂ ಮುಂದಕ್ಕೆ ಎಣಿಸುವುದನ್ನು ಯಾರೂ ತಡೆಯಲಾರರು. ಆಧಾರ್‌ನಲ್ಲಿ 12 ಅಂಕಿಗಳಿವೆ, ಮೊದಲ ಅಂಕಿ 0 ಅಥವಾ 1 ಆಗುವುದಿಲ್ಲ, ಕೊನೆಯದು ಉಳಿದವುಗಳಿಂದ ಲೆಕ್ಕ ಹಾಕಿದ ತಾಳೆಯ ಅಂಕಿ. ಹಾಗಾಗಿ ಸಾಧ್ಯವಿರುವ ಸಂಖ್ಯೆಗಳು 8,000 ಕೋಟಿ ಮಾತ್ರ. 6ರಿಂದ 9ರೊಳಗಿನ ಅಂಕಿಯಿಂದ ಆರಂಭವಾಗುವ ಮೊಬೈಲ್ ಸಂಖ್ಯೆಗಳಾದರೆ 400 ಕೋಟಿ. ಇವೆಲ್ಲವನ್ನೂ ಒಂದೊಂದಾಗಿ ಹ್ಯಾಶ್ ಮಾಡಿ ಹೋಲಿಸಿ ನೋಡುವುದು ಇಂದಿನ ಕಂಪ್ಯೂಟರಿಗೆ ದೊಡ್ಡ ಕೆಲಸವಲ್ಲ. ಹ್ಯಾಶ್ ಅನಿವಾರ್ಯವಾದರೆ ಗುಪ್ತ ಕೀಲಿಯನ್ನು ಸೇರಿಸಿಯೇ ಮಾಡಿ, ಆ ಕೀಲಿ ದತ್ತಸಂಚಯದ ಜೊತೆಯಲ್ಲಿ ಇರದಂತೆ ನೋಡಿಕೊಳ್ಳಿ.

ಹಂತ 3: ಸಮ್ಮತಿ ಮತ್ತು ಒಪ್ಪಂದ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮತ್ತು 2025ರ ನವೆಂಬರಿನಲ್ಲಿ ಪ್ರಕಟವಾದ ಅದರ ನಿಯಮಗಳು ಇಲ್ಲಿಗೆ ಅನ್ವಯಿಸುತ್ತವೆ. ಸಂಸ್ಥೆಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ನಿಯಮಗಳ ಪ್ರಕಟಣೆಯಿಂದ 18 ತಿಂಗಳ ಕಾಲಾವಕಾಶವಿದೆ. ಆದರೂ ಹೊಸದಾಗಿ ಕಟ್ಟುವವರು ಈಗಲೇ ಅದಕ್ಕೆ ಹೊಂದುವಂತೆ ಕಟ್ಟುವುದು ಜಾಣತನ. ಮಾಹಿತಿಯನ್ನು ಯಾವ ಉದ್ದೇಶಕ್ಕೆ, ಹೇಗೆ ಬಳಸಬೇಕೆಂದು ತೀರ್ಮಾನಿಸುವ ಸಂಸ್ಥೆಯನ್ನು ಕಾಯ್ದೆ ‘ಡೇಟಾ ಫಿಡ್ಯೂಷಿಯರಿ’ ಎನ್ನುತ್ತದೆ, ಅಂದರೆ ನಂಬಿಕೆಯ ಮೇಲೆ ಮಾಹಿತಿಯನ್ನು ಹಿಡಿದಿರುವ ಹೊಣೆಗಾರ. ಅದರ ಪರವಾಗಿ ಕೆಲಸ ಮಾಡಿಕೊಡುವವರು ‘ಡೇಟಾ ಪ್ರೊಸೆಸರ್’. ನಮ್ಮ ಉದಾಹರಣೆಯಲ್ಲಿ ಆಸ್ಪತ್ರೆ ಹೊಣೆಗಾರ. ಆಸ್ಪತ್ರೆ ಹೇಳಿದ ಪರೀಕ್ಷೆಯನ್ನಷ್ಟೇ ಮಾಡಿಕೊಡುವ ಪ್ರಯೋಗಾಲಯ ಪ್ರೊಸೆಸರ್ ಆಗಬಹುದು, ಆದರೆ ತನ್ನದೇ ಅಧ್ಯಯನದ ಉದ್ದೇಶವಿರುವ ವಿಶ್ವವಿದ್ಯಾಲಯ ಹಾಗಾಗದು. ಪ್ರೊಸೆಸರ್ ತಪ್ಪು ಮಾಡಿದರೂ ಉತ್ತರ ಹೇಳಬೇಕಾದವರು ಹೊಣೆಗಾರರೇ, ‘ಒಪ್ಪಂದದಲ್ಲಿ ಅವರ ಮೇಲೆ ಹಾಕಿದ್ದೆವು’ ಎಂದು ಜಾರಿಕೊಳ್ಳುವಂತಿಲ್ಲ. ತಕ್ಕ ರಕ್ಷಣೆ ಒದಗಿಸದಿದ್ದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು.

ಸಮ್ಮತಿಯ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದಿಕೊಳ್ಳುವ ಆಯ್ಕೆ ವ್ಯಕ್ತಿಗಿರಬೇಕು. ಅಂದರೆ ಕನ್ನಡದ ಸೂಚನೆ ನಿಮ್ಮಲ್ಲಿ ಇರಲೇಬೇಕು. ಸಮ್ಮತಿ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲೂ ಆಗಬೇಕು. ಚಿಕಿತ್ಸೆಗೆ, ಮನೆಭೇಟಿಗೆ ಮತ್ತು ಅಧ್ಯಯನಕ್ಕೆ ಬೇರೆ ಬೇರೆಯಾಗಿ ಸಮ್ಮತಿ ಕೇಳಿ. ಮೂರಕ್ಕೂ ಸೇರಿಸಿ ಒಂದೇ ಸಹಿ ಹಾಕಿಸಿಕೊಂಡರೆ, ಅಧ್ಯಯನ ಬೇಡವೆನ್ನುವವರು ಮನೆಭೇಟಿಯನ್ನೂ ಕಳೆದುಕೊಳ್ಳುತ್ತಾರೆ.

ಹಂತ 4: ನಿಯಮಗಳನ್ನು ಮೊದಲು ಕನ್ನಡದಲ್ಲಿ ಬರೆಯಿರಿ

ಎಲ್ಲಕ್ಕಿಂತ ಹೆಚ್ಚು ಸಮಯವನ್ನು ಕೊಡಬೇಕಾದ ಹಂತ ಇದು. ಪ್ರವೇಶ ನಿಯಮವೆಂದರೆ ಯಾರು, ಯಾವುದನ್ನು, ಏನು ಮಾಡಬಹುದು, ಯಾವ ಉದ್ದೇಶಕ್ಕೆ, ಯಾವ ಷರತ್ತಿನ ಮೇಲೆ, ಎಲ್ಲಿಯವರೆಗೆ ಎಂಬ ಆರು ಸಂಗತಿಗಳಿರುವ ಹೇಳಿಕೆ. ಅದನ್ನು ತಂತ್ರಾಂಶದೊಳಗೆ ನೇರವಾಗಿ ಬರೆಯಲು ಹೊರಡಬೇಡಿ. ಕಾರ್ಯಕರ್ತೆಯೂ ಆಸ್ಪತ್ರೆಯ ಆಡಳಿತಾಧಿಕಾರಿಯೂ ಓದಿ ‘ಹೌದು, ಇದು ಸರಿ’ ಎನ್ನಬಲ್ಲ ಕನ್ನಡ ವಾಕ್ಯವಾಗಿ ಬರೆದು, ಸಂಖ್ಯೆ ಕೊಟ್ಟು, ಎಲ್ಲರ ಸಹಿ ಪಡೆಯಿರಿ. ನಾಳೆ ಏನಾದರೂ ಹೆಚ್ಚುಕಡಿಮೆಯಾದಾಗ ಉತ್ತರಿಸಬೇಕಾದವರು ಅವರು. ಓದಲಾಗದ ನಿಯಮಕ್ಕೆ ಅವರನ್ನು ಹೊಣೆ ಮಾಡುವುದು ನ್ಯಾಯವಲ್ಲ. ಮಾದರಿಗೆ ಮೂರು ನಿಯಮಗಳು:

ನಿಯಮ 7: ಸ್ವಯಂಸೇವಾ ಸಂಸ್ಥೆಯ ಕ್ಷೇತ್ರ ಕಾರ್ಯಕರ್ತೆಯು, ತನಗೆ ವಹಿಸಿರುವ ಗ್ರಾಮಗಳಲ್ಲಿ ಮನೆಭೇಟಿಗೆ ಸಮ್ಮತಿಸಿರುವವರ ಹೆಸರು, ವಿಳಾಸ, ಮಾತ್ರೆ ಮತ್ತು ಮುಂದಿನ ಭೇಟಿಯ ದಿನಾಂಕವನ್ನು, ಮನೆಭೇಟಿಗಾಗಿ ಓದಬಹುದು, ಸಮ್ಮತಿ ಹಿಂಪಡೆದ ಕ್ಷಣದಿಂದ ಈ ಅನುಮತಿ ಇಲ್ಲ.

ನಿಯಮ 11: ಪ್ರಯೋಗಾಲಯದ ತಂತ್ರಜ್ಞರು ತಮ್ಮಲ್ಲಿಗೆ ಬಂದ ಮಾದರಿಯ ಸಂಖ್ಯೆ, ವಯಸ್ಸು, ಲಿಂಗ ಮತ್ತು ಕೋರಿದ ಪರೀಕ್ಷೆಯನ್ನು ಓದಬಹುದು, ಫಲಿತಾಂಶವನ್ನು ಬರೆಯಬಹುದು, ದೃಢೀಕರಿಸಿದ ಫಲಿತಾಂಶವನ್ನು ಅಳಿಸುವಂತಿಲ್ಲ, ತಿದ್ದುಪಡಿಯನ್ನು ಹೊಸ ನಮೂದಾಗಿ ಸೇರಿಸಬೇಕು.

ನಿಯಮ 14: ಎಚ್‌ಐವಿ ಪರೀಕ್ಷೆಯ ಫಲಿತಾಂಶವನ್ನು ಆ ವ್ಯಕ್ತಿಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರ ಹೊರತು ಯಾರೂ ಓದುವಂತಿಲ್ಲ.

ಗಮನಿಸಿ: ಏಳನೆಯ ನಿಯಮದಲ್ಲಿ ರೋಗನಿರ್ಣಯದ ಮಾತೇ ಇಲ್ಲ, ಆದರೆ ಮಾತ್ರೆಯ ಹೆಸರು ಇದೆ. ಮಾತ್ರೆಯ ಹೆಸರಿನಿಂದ ಕಾಯಿಲೆಯನ್ನು ಊಹಿಸಬಹುದಲ್ಲವೇ ಎಂದು ನೀವು ಕೇಳಿದರೆ, ಈ ಹಂತದ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದರ್ಥ. ಸಕ್ಕರೆ ಕಾಯಿಲೆಯ ಮಾತ್ರೆಯಾದರೆ ಅಷ್ಟು ಚಿಂತೆಯಿಲ್ಲ, ಮನೋರೋಗದ ಮಾತ್ರೆಯಾದರೆ ಇದೆ. ಆಗ ‘ಯೋಜನೆಗೆ ಸೇರಿದ ಮಾತ್ರೆಗಳು ಮಾತ್ರ’ ಎಂದು ನಿಯಮವನ್ನು ಬಿಗಿ ಮಾಡಬೇಕು.

ಇನ್ನು ‘ಯಾರು’ ಎಂಬುದನ್ನು ಹೇಳಲು ಎರಡು ದಾರಿಗಳಿವೆ. ಒಂದು ಪಾತ್ರವನ್ನು ಆಧರಿಸಿದ್ದು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಫೆರಾಯೊಲೊ ಮತ್ತು ಕುನ್ 1992ರಲ್ಲಿ ಇದರ ಕ್ರಮಬದ್ಧ ರೂಪವನ್ನು ಮಂಡಿಸಿದರು. ಇದರಲ್ಲಿ ವ್ಯಕ್ತಿಗೆ ‘ವೈದ್ಯ’, ‘ತಂತ್ರಜ್ಞ’ ಎಂಬ ಪಾತ್ರವನ್ನೂ ಪಾತ್ರಕ್ಕೆ ಅನುಮತಿಯನ್ನೂ ಕೊಡಲಾಗುತ್ತದೆ. ಇನ್ನೊಂದು ಗುಣಲಕ್ಷಣವನ್ನು ಆಧರಿಸಿದ್ದು. ಅದೇ ಸಂಸ್ಥೆ 2014ರಲ್ಲಿ ಇದಕ್ಕೆ ಮಾರ್ಗದರ್ಶಿಯನ್ನು ಹೊರತಂದಿತು. ಇದರಲ್ಲಿ ವ್ಯಕ್ತಿಯ ಸಂಸ್ಥೆ, ಅವರಿಗೆ ವಹಿಸಿದ ಗ್ರಾಮ, ದಾಖಲೆಯ ಬಗೆ, ಸಮ್ಮತಿಯ ಸ್ಥಿತಿ, ಹೊತ್ತು ಇವನ್ನೆಲ್ಲ ಆ ಕ್ಷಣದಲ್ಲಿ ನೋಡಿ ತೀರ್ಮಾನಿಸಲಾಗುತ್ತದೆ. ಒಂದೇ ಸಂಸ್ಥೆಯೊಳಗೆ ಪಾತ್ರ ಸಾಕು. ಹಲವು ಸಂಸ್ಥೆಗಳು ಸೇರಿದಾಗ ಪಾತ್ರವೊಂದನ್ನೇ ನೆಚ್ಚಿದರೆ ನಲವತ್ತು ಗ್ರಾಮಗಳಿಗೆ ನಲವತ್ತು ಬಗೆಯ ‘ಕಾರ್ಯಕರ್ತೆ’ ಪಾತ್ರಗಳು ಹುಟ್ಟಿಕೊಳ್ಳುತ್ತವೆ, ಯಾವುದು ಯಾರಿಗೆ ಎಂಬುದು ವರ್ಷದೊಳಗೆ ಯಾರಿಗೂ ತಿಳಿಯದಂತಾಗುತ್ತದೆ. ನನ್ನ ಸಲಹೆ: ಪಾತ್ರಗಳು ಹತ್ತನ್ನು ಮೀರದಿರಲಿ, ಉಳಿದುದನ್ನು ಗುಣಲಕ್ಷಣಗಳಿಂದ ಹೇಳಿ.

ನಿಯಮಗಳು ಒಂದಕ್ಕೊಂದು ಎದುರಾಗುವುದೂ ಉಂಟು. ‘ಆಸ್ಪತ್ರೆಯ ವೈದ್ಯರು ಎಲ್ಲ ಫಲಿತಾಂಶಗಳನ್ನು ಓದಬಹುದು’ ಎಂಬ ನಿಯಮ ಇದ್ದರೆ ಅದು ಹದಿನಾಲ್ಕನೆಯ ನಿಯಮಕ್ಕೆ ಎದುರು ನಿಲ್ಲುತ್ತದೆ. ಪ್ರವೇಶ ನಿಯಮಗಳನ್ನು ಬರೆಯಲೆಂದು ರೂಪಿಸಲಾದ ಎಕ್ಸ್‌ಎಸಿಎಂಎಲ್ ಎಂಬ ಮಾನಕ ಭಾಷೆಯಲ್ಲಿ ಇಂತಹ ಎದುರಾಟವನ್ನು ಬಿಡಿಸಲು ಹಲವು ಕ್ರಮಗಳಿವೆ. ನಿಮಗೆ ಎರಡು ಸಾಕು. ಯಾವ ನಿಯಮವೂ ಅನುಮತಿ ಕೊಡದಿದ್ದರೆ ಉತ್ತರ ‘ಇಲ್ಲ’. ಒಂದು ಕೊಡುತ್ತದೆ, ಇನ್ನೊಂದು ತಡೆಯುತ್ತದೆ ಎಂದಾದರೆ ತಡೆಯುವುದೇ ಮೇಲು.

ಕೊನೆಗೆ, ತುರ್ತಿಗೂ ಒಂದು ನಿಯಮ ಇರಲಿ. ನಡುರಾತ್ರಿ ಪ್ರಜ್ಞೆ ತಪ್ಪಿದ ರೋಗಿಯನ್ನು ಕರೆತಂದಾಗ ಕರ್ತವ್ಯದಲ್ಲಿರುವ ವೈದ್ಯರು ಕಾರಣವನ್ನು ಬರೆದು ದಾಖಲೆಯನ್ನು ತೆರೆಯಲು ಸಾಧ್ಯವಾಗಬೇಕು. ತೆರೆದ ಸುದ್ದಿ ಆ ಕೂಡಲೇ ಮೇಲಿನವರಿಗೆ ಹೋಗಬೇಕು. ಈ ಕಿಂಡಿಯನ್ನು ನೀವು ಬಿಡದಿದ್ದರೆ ಅದನ್ನು ಜನರೇ ಕೊರೆದುಕೊಳ್ಳುತ್ತಾರೆ, ಆಗ ಅದರ ಲೆಕ್ಕ ಯಾರ ಬಳಿಯೂ ಇರುವುದಿಲ್ಲ.

ಹಂತ 5: ಬಳಕೆದಾರರ ಗುರುತಿಗೆ ಯಾರು ಹೊಣೆ ಎಂದು ಗೊತ್ತುಮಾಡಿ

ಎಸ್ಟೋನಿಯ ದೇಶ 2001ರಿಂದ ನಡೆಸುತ್ತಿರುವ ಎಕ್ಸ್-ರೋಡ್ ಎಂಬ ವಿನಿಮಯ ವ್ಯವಸ್ಥೆಯಿಂದ ಕಲಿಯಬೇಕಾದ ಒಂದು ಸಂಗತಿಯಿದೆ. ಅಲ್ಲಿ ಎಲ್ಲರ ಮಾಹಿತಿಯನ್ನೂ ತುಂಬಿಡುವ ಒಂದು ಕೇಂದ್ರ ಉಗ್ರಾಣವಿಲ್ಲ. ಮಾಹಿತಿ ಆಯಾ ಸಂಸ್ಥೆಯಲ್ಲೇ ಇದ್ದು, ಯಾವ ಸಂಸ್ಥೆಗೆ ತನ್ನ ಯಾವ ಸೇವೆಯನ್ನು ತೆರೆಯಬೇಕೆಂದು ಅದೇ ತೀರ್ಮಾನಿಸುತ್ತದೆ. ಕೇಳುವ ಸಂಸ್ಥೆ ತನ್ನ ನೌಕರರು ಯಾರೆಂದು ತಾನೇ ಖಚಿತಪಡಿಸಿಕೊಳ್ಳಬೇಕು. ನೀವೂ ಹೀಗೆ ಹೊಣೆಯನ್ನು ಹಂಚಿ. ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತೆಯ ಖಾತೆಯನ್ನು ತೆರೆಯುವುದೂ ಮುಚ್ಚುವುದೂ ಆ ಸಂಸ್ಥೆಯ ಕೆಲಸ, ಏಕೆಂದರೆ ಅವರು ಕೆಲಸ ಬಿಟ್ಟ ದಿನ ಆಸ್ಪತ್ರೆಗೆ ತಿಳಿಯುವುದಿಲ್ಲ. ಬಿಟ್ಟ ದಿನವೇ ಖಾತೆ ಮುಚ್ಚಬೇಕೆಂದು ಒಪ್ಪಂದದಲ್ಲಿ ಬರೆಯಿರಿ. ಜೊತೆಗೆ, 90 ದಿನಕ್ಕೊಮ್ಮೆ ನವೀಕರಿಸದ ಖಾತೆ ತಾನಾಗಿ ಮುಚ್ಚಿಕೊಳ್ಳುವಂತೆ ಮಾಡಿ.

ಒಬ್ಬರಿಗೆ ಒಂದು ಖಾತೆ, ಪಾಸ್‌ವರ್ಡ್ ಜೊತೆಗೆ ಒಟಿಪಿಯಂತಹ ಎರಡನೆಯ ದೃಢೀಕರಣ. ಇದರಲ್ಲಿ ರಿಯಾಯಿತಿ ಬೇಡ.

ಹಂತ 6: ನಿಯಮವನ್ನು ದತ್ತಾಂಶದ ಪಕ್ಕದಲ್ಲೇ ಜಾರಿ ಮಾಡಿ

ತೆರೆಯ ಮೇಲೆ ಗುಂಡಿಯನ್ನು ಮರೆಮಾಡುವುದು ನಿಯಮದ ಜಾರಿಯಲ್ಲ. ದತ್ತಾಂಶವಿರುವ ಸರ್ವರ್ ಕಂಪ್ಯೂಟರಿಗೆ ನೇರವಾಗಿ ವಿನಂತಿ ಕಳುಹಿಸುವವರಿಗೆ ಆ ಗುಂಡಿಯ ಅಗತ್ಯವೇ ಇಲ್ಲ. ಉಚಿತವಾಗಿ ಸಿಗುವ ಪೋಸ್ಟ್‌ಗ್ರೆಸ್ ದತ್ತಸಂಚಯದಲ್ಲಿ 2016ರ ಜನವರಿಯಲ್ಲಿ ಬಂದ 9.5ನೆಯ ಆವೃತ್ತಿಯಿಂದ ಸಾಲು ಮಟ್ಟದ ರಕ್ಷಣೆ ಇದೆ: ಒಂದೇ ಕೋಷ್ಟಕವನ್ನು ಇಬ್ಬರು ಕೇಳಿದರೂ ಪ್ರತಿಯೊಬ್ಬರಿಗೂ ಅವರಿಗೆ ಸಲ್ಲುವ ಸಾಲುಗಳಷ್ಟೇ ಕಾಣುತ್ತವೆ. ಇದನ್ನು ಚಾಲನೆಗೊಳಿಸಿ ನಿಯಮವನ್ನೇ ಬರೆಯದಿದ್ದರೆ ಸಾಮಾನ್ಯ ಬಳಕೆದಾರರಿಗೆ ಒಂದು ಸಾಲೂ ಕಾಣುವುದಿಲ್ಲ, ನಮಗೆ ಬೇಕಾದ ಗುಣವೂ ಅದೇ. ಆದರೆ ಇದನ್ನು ಬಳಸುವಾಗ ಎಡವುವ ಕಡೆಗಳು ಹಲವಿವೆ.

ಕೋಷ್ಟಕದ ಮಾಲೀಕ ಖಾತೆಗೆ ಈ ನಿಯಮಗಳು ಸಹಜವಾಗಿ ಅನ್ವಯಿಸುವುದಿಲ್ಲ. ಮಾಲೀಕರಿಗೂ ಕಡ್ಡಾಯವೆಂದು ಬೇರೆಯಾಗಿ ಹೇಳಬೇಕು. ಸೂಪರ್‌ಯೂಸರ್, ಅಂದರೆ ಎಲ್ಲ ಅಧಿಕಾರವೂ ಇರುವ ಖಾತೆಗಂತೂ ಎಂದಿಗೂ ಅನ್ವಯಿಸುವುದಿಲ್ಲ. ಹಾಗಾಗಿ ನಿಮ್ಮ ತಂತ್ರಾಂಶ ಈ ಎರಡೂ ಅಲ್ಲದ ಮೂರನೆಯ, ಕಡಿಮೆ ಅಧಿಕಾರದ ಖಾತೆಯಿಂದ ಒಳಹೋಗಬೇಕು. ನಿಯಮಗಳನ್ನೆಲ್ಲ ಬರೆದು ಮಾಲೀಕ ಖಾತೆಯಿಂದಲೇ ತಂತ್ರಾಂಶ ನಡೆಸುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು. ಎರಡನೆಯದಾಗಿ, ಒಂದೇ ಕೋಷ್ಟಕದ ಮೇಲಿನ ಹಲವು ಅನುಮತಿ ನಿಯಮಗಳನ್ನು ಪೋಸ್ಟ್‌ಗ್ರೆಸ್ ‘ಅಥವಾ’ ಎಂದು ಕೂಡಿಸುತ್ತದೆ, ಅಂದರೆ ಹೊಸದನ್ನು ಸೇರಿಸಿದಷ್ಟೂ ಬಾಗಿಲು ಅಗಲವಾಗುತ್ತದೆ. ಹದಿನಾಲ್ಕನೆಯಂತಹ ತಡೆಯನ್ನು ‘ನಿರ್ಬಂಧಕ’ ಬಗೆಯ, ಅಂದರೆ ಉಳಿದವು ಅನುಮತಿಸಿದರೂ ತಡೆಯಬಲ್ಲ ನಿಯಮವೆಂದೇ ಘೋಷಿಸಬೇಕು. ಮೂರನೆಯದಾಗಿ, ವ್ಯೂ ಎಂಬ ಸಿದ್ಧ ನೋಟಗಳು ಅವನ್ನು ರಚಿಸಿದವರ ಅಧಿಕಾರದಿಂದ ನಡೆಯುತ್ತವೆ. ಕೇಳುವವರ ಅಧಿಕಾರದಿಂದ ನಡೆಯಿರಿ ಎಂದು ಹೇಳುವ ಸೌಲಭ್ಯ 2022ರ 15ನೆಯ ಆವೃತ್ತಿಯಲ್ಲಿ ಬಂದಿದೆ, ಅದನ್ನು ಬಳಸಿ. ಇನ್ನು, ಈ ರಕ್ಷಣೆ ಸಾಲುಗಳನ್ನು ಮಾತ್ರ ಮುಚ್ಚುತ್ತದೆ. ಕಾಲಮ್‌ಗಳಿಗೆ ಅನುಮತಿಯನ್ನು ಬೇರೆಯಾಗಿಯೇ ಕೊಡಬೇಕು.

ತಂತ್ರಾಂಶ ಒಂದೇ ಸಂಪರ್ಕವನ್ನು ಹಲವು ಬಳಕೆದಾರರಿಗೆ ಸರದಿಯಲ್ಲಿ ಬಳಸುವುದಾದರೆ, ಹಿಂದಿನವರ ಗುರುತು ಅಳಿಯದೆ ಮುಂದಿನವರಿಗೆ ಅಂಟಿಕೊಳ್ಳುವ ಅಪಾಯವೂ ಇದೆ. ಗುರುತನ್ನು ದತ್ತಸಂಚಯದೊಡನೆ ನಡೆಯುವ ಆ ಒಂದು ವಹಿವಾಟಿಗಷ್ಟೇ (ಟ್ರಾನ್ಸಾಕ್ಷನ್) ಸೀಮಿತವಾಗುವಂತೆ ಇಡಿ.

ಹಂತ 7: ಆಗಬಾರದ್ದನ್ನು ಪರೀಕ್ಷಿಸಿ

ಕಾರ್ಯಕರ್ತೆಗೆ ತನ್ನ ಗ್ರಾಮ ಕಾಣುತ್ತದೆಯೇ ಎಂದು ಎಲ್ಲರೂ ನೋಡುತ್ತಾರೆ. ಪಕ್ಕದ ಗ್ರಾಮ ಕಾಣುವುದಿಲ್ಲವೇ ಎಂದು ನೋಡುವವರು ಕಡಿಮೆ. ಸಹಿಯಾದ ಪ್ರತಿ ಕನ್ನಡ ನಿಯಮಕ್ಕೂ ಕನಿಷ್ಠ ಒಂದು ‘ಆಗಬೇಕು’ ಮತ್ತು ಎರಡು ‘ಆಗಬಾರದು’ ಪರೀಕ್ಷೆಗಳನ್ನು ಬರೆದು, ತಂತ್ರಾಂಶ ಬದಲಾದಾಗಲೆಲ್ಲ ನಡೆಸಿ. ನಿರಾಕರಣೆಯ ಸಂದೇಶವನ್ನೂ ಓದಿ ನೋಡಿ. ‘ಈ ವ್ಯಕ್ತಿಯ ಎಚ್‌ಐವಿ ಫಲಿತಾಂಶವನ್ನು ನೋಡಲು ನಿಮಗೆ ಅನುಮತಿಯಿಲ್ಲ’ ಎಂದು ತೆರೆ ಹೇಳಿದರೆ, ಅಂತಹ ಪರೀಕ್ಷೆ ನಡೆದಿದೆ ಎಂಬುದನ್ನು ಅದೇ ಹೊರಗೆಡವಿದಂತಾಯಿತು. ಇಲ್ಲದ ದಾಖಲೆಗೂ ಅನುಮತಿಯಿಲ್ಲದ ದಾಖಲೆಗೂ ಉತ್ತರ ಒಂದೇ ಆಗಿರಬೇಕು.

ಹಂತ 8: ಹೊರಹೋಗುವ ಪ್ರತಿಗಳು

ಡೌನ್‌ಲೋಡ್ ಆದ ಹಾಳೆಗೆ ನಿಮ್ಮ ನಿಯಮಗಳು ಅನ್ವಯಿಸುವುದಿಲ್ಲ. ಬ್ಯಾಕಪ್ ಪ್ರತಿಗೂ ಅಷ್ಟೇ: ಅದರಲ್ಲಿ ಎಲ್ಲರ ಎಲ್ಲ ಸಾಲುಗಳೂ ಇರುವುದರಿಂದ ಅದನ್ನು ಗೂಢಲಿಪೀಕರಿಸಿ, ಅಂದರೆ ಕೀಲಿಯಿಲ್ಲದೆ ಓದಲಾಗದಂತೆ ಮಾಡಿಯೇ ಇಡಬೇಕು.

ವಿಶ್ವವಿದ್ಯಾಲಯಕ್ಕೆ ಕೊಡುವಾಗ ‘ಹೆಸರು ತೆಗೆದಿದ್ದೇವೆ’ ಎಂದರೆ ಸಾಲದು. ಹುಟ್ಟಿದ ದಿನಾಂಕ, ಲಿಂಗ ಮತ್ತು ಅಂಚೆಯ ಐದಂಕಿ ಪಿನ್ ಈ ಮೂರರಿಂದಲೇ ಅಮೆರಿಕದ ಶೇ. 87ರಷ್ಟು ಜನರನ್ನು ಪ್ರತ್ಯೇಕವಾಗಿ ಗುರುತಿಸಲು ಸಾಧ್ಯವೆಂದು ಲಟಾನ್ಯ ಸ್ವೀನಿ ಅವರು 1990ರ ಜನಗಣತಿಯ ಅಂಕಿಗಳಿಂದ ತೋರಿಸಿಕೊಟ್ಟರು. ನಮ್ಮ ಹಳ್ಳಿಗಳಲ್ಲಿ ಅಷ್ಟೂ ಬೇಕಾಗದು. ಗ್ರಾಮದ ಹೆಸರು ಮತ್ತು ‘92 ವರ್ಷದ ಮಹಿಳೆ’ ಎಂಬುದು ಸಾಕು. ವಯಸ್ಸನ್ನು ಹತ್ತು ವರ್ಷದ ಗುಂಪಾಗಿಸಿ, ಗ್ರಾಮದ ಬದಲು ಹೋಬಳಿಯನ್ನು ಕೊಡಿ, ಐವರಿಗಿಂತ ಕಡಿಮೆ ಜನರಿರುವ ಗುಂಪನ್ನು ಪಕ್ಕದ ಗುಂಪಿಗೆ ಸೇರಿಸಿ.

ಹಂತ 9: ಲಾಗ್ ಮತ್ತು ಅವಘಡ

ಯಾರು, ಯಾವ ಸಂಸ್ಥೆಯಿಂದ, ಯಾವಾಗ, ಯಾವ ದಾಖಲೆಯನ್ನು, ಎಷ್ಟನೆಯ ನಿಯಮದಡಿ ಕೇಳಿದರು, ಸಿಕ್ಕಿತೋ ಇಲ್ಲವೋ ಎಂಬುದು ಲಾಗ್‌ನಲ್ಲಿ, ಅಂದರೆ ಬಳಕೆಯ ದಿನಚರಿಯಲ್ಲಿ ಇರಬೇಕು. ಫಲಿತಾಂಶವೇ ಅಲ್ಲಿ ಇರಬಾರದು. ಸೈಬರ್ ಅವಘಡಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಲಾಗನ್ನು 180 ದಿನ ಇಡಬೇಕು, ಸೈಬರ್ ಅವಘಡ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಹೊಸ ದತ್ತಾಂಶ ನಿಯಮಗಳು ಲಾಗನ್ನು ಒಂದು ವರ್ಷ ಇಡಲು ಹೇಳುತ್ತವೆ. ಸೋರಿಕೆಯಾದರೆ ಸಂಬಂಧಪಟ್ಟ ವ್ಯಕ್ತಿಗಳಿಗೆ ತಡವಿಲ್ಲದೆ ತಿಳಿಸಬೇಕು, ವಿವರವಾದ ವರದಿಯನ್ನು 72 ಗಂಟೆಗಳೊಳಗೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ಕೊಡಬೇಕು. ಭಾನುವಾರ ರಾತ್ರಿ ಸೋರಿಕೆ ಗೊತ್ತಾದರೆ ನಾಲ್ಕು ಸಂಸ್ಥೆಗಳಲ್ಲಿ ಯಾರು ಯಾರಿಗೆ ಕರೆ ಮಾಡಬೇಕೆಂಬ ಪಟ್ಟಿ ಮೊದಲೇ ಸಿದ್ಧವಿಲ್ಲದಿದ್ದರೆ ಆರು ಗಂಟೆ ಸಾಲುವುದಿಲ್ಲ.

ತಿಂಗಳಿಗೊಮ್ಮೆ ಪ್ರತಿ ಸಂಸ್ಥೆಯ ಒಬ್ಬರು ಕುಳಿತು ಲಾಗನ್ನು ಓದಬೇಕು. ತುರ್ತು ನಿಯಮದಡಿ ತೆರೆದ ದಾಖಲೆಗಳನ್ನು ಮೊದಲು ನೋಡಿ.

ಹಂತ 10: ಬೇರೆಯಾಗುವ ದಿನ

ಒಂದು ಸಂಸ್ಥೆ ಯೋಜನೆಯಿಂದ ಹೊರನಡೆಯುವಾಗ ಏನಾಗಬೇಕೆಂಬುದನ್ನು ಸೇರುವ ದಿನವೇ ಬರೆದಿಡಿ. ಖಾತೆಗಳನ್ನೂ ಯಂತ್ರಗಳು ಪರಸ್ಪರ ಬಳಸುವ ಕೀಲಿಗಳನ್ನೂ ಅದೇ ದಿನ ರದ್ದುಮಾಡಬೇಕು. ಪಡೆದಿದ್ದ ಪ್ರತಿಗಳನ್ನು ಅಳಿಸಿ ಲಿಖಿತವಾಗಿ ತಿಳಿಸಬೇಕು. ಹಳೆಯ ಬ್ಯಾಕಪ್‌ಗಳು ಎಂದು ಅಳಿಯುತ್ತವೆ ಎಂಬ ದಿನಾಂಕವನ್ನೂ ಅದರಲ್ಲಿ ಸೇರಿಸಬೇಕು. ಎಲ್ಲವನ್ನೂ ಅಳಿಸಿ ಎಂದು ಕಣ್ಣುಮುಚ್ಚಿ ಬರೆಯಬೇಡಿ. ಒಳರೋಗಿಗಳ ವೈದ್ಯಕೀಯ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಇಟ್ಟುಕೊಳ್ಳಬೇಕೆಂದು 2002ರ ವೈದ್ಯಕೀಯ ಮಂಡಳಿಯ ನಡಾವಳಿ ನಿಯಮಗಳು ಹೇಳುತ್ತವೆ. ಆದ್ದರಿಂದ ಆಸ್ಪತ್ರೆ ತಾನು ದಾಖಲಿಸಿದ್ದನ್ನು ಉಳಿಸಿಕೊಳ್ಳುತ್ತದೆ, ಉಳಿದವರು ಆಸ್ಪತ್ರೆಯಿಂದ ಪಡೆದುದನ್ನು ಅಳಿಸುತ್ತಾರೆ. ಯಾವುದು ಯಾರದೆಂದು ಆಗ ತಿಳಿಯಲು ಮೊದಲ ಹಂತದಲ್ಲಿ ಮಾಡಿದ ಪಟ್ಟಿಯೇ ಬೇಕಾಗುತ್ತದೆ.